ವಿಷಯ: ನಿಮ್ಮ ಕಾಳುಮೆಣಸಿನ ಎಣ್ಣೆ ಮತ್ತು ನನ್ನ ಸುಟ್ಟ ಭುಜ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಆರು ಸಲ ಫೋನ್ ಮಾಡಿ, ಮೂರು ಇಮೇಲ್ ಹಾಕಿ ಆಯಿತು. ಏಳನೆಯ ಸಲ ನಿಮ್ಮ ಕೊಳಲಿನ ಟ್ಯೂನ್ ಕೇಳುವ ತಾಳ್ಮೆ ಇಲ್ಲದೆ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಮೆಣಸು ಕುಯ್ಲಿನಲ್ಲಿ ಏಣಿ ಹೊತ್ತು ಹೊತ್ತು ಭುಜ ಹಿಡಿದುಕೊಂಡಿತ್ತು. ಮೈ ಬಿಸಿಯಾಗಿ ನೋವು ಸಡಿಲವಾಗಲಿ ಎಂದು ಅರೋಮಾಥೆರಪಿಯಲ್ಲಿ ಈ ಎಣ್ಣೆಯಿಂದ ಮಾಲೀಶು ಮಾಡುತ್ತಾರಲ್ಲ, ಅದಕ್ಕೇ ನಿಮ್ಮ 10 ಮಿ.ಲೀ. ಬಾಟಲಿ ತರಿಸಿದೆ. (ಮನೆ ತುಂಬ ಮೆಣಸಿಟ್ಟುಕೊಂಡು ದುಡ್ಡು ಕೊಟ್ಟು ಅದರ ಎಣ್ಣೆ ತರಿಸ್ತೀರಲ್ಲ ಎಂದು ಹೆಂಡತಿ ಅಂದಿದ್ದಳು. ಕೇಳಬೇಕಿತ್ತು.) ನಿಮ್ಮ ಚೀಟಿಯಲ್ಲಿದ್ದಂತೆ ಎರಡು ಚಮಚ ಕೊಬ್ಬರಿ ಎಣ್ಣೆಗೆ ಮೂರೇ ಹನಿ. ಅರ್ಧ ಗಂಟೆಯಲ್ಲಿ ಭುಜ ಕೆಂಪೇರಿ ಗುಳ್ಳೆ ಎದ್ದಿತು.

ಕಣದಲ್ಲಿ ಮೆಣಸು ಹರವಿಸುತ್ತಿದ್ದಾಗ ನಿಮ್ಮ ಹುಡುಗ ಫೋನ್ ಮಾಡಿದ. "ಪೆಪ್ಪರ್ ಅಂದ್ರೆ ಖಾರ ಅಲ್ವಾ ಸರ್, ಉರಿಯೋದು ನ್ಯಾಚುರಲ್. ನೀವು ಪೆಪ್ಪರ್ ಗಿಡ ನೋಡಿದೀರಾ?" ಸಿಲ್ವರ್ ಓಕಿಗೆ ಹಬ್ಬಿದ ಬಳ್ಳಿಯ ಬುಡದಲ್ಲೇ ನಿಂತಿದ್ದೆ. ಅದು ಗಿಡ ಅಲ್ಲಪ್ಪ, ಬಳ್ಳಿ ಎಂದೆ. "ಓಕೆ ಸರ್, ನೋಟ್ ಮಾಡ್ಕೊಂಡೆ." ಆಮೇಲೆ ವೀಡಿಯೊ ಕಾಲ್‌ನಲ್ಲಿ ಗಾಯ ತೋರಿಸಬೇಕಂತೆ. ನೆಟ್‌ವರ್ಕ್ ಸಿಗುವುದು ಕಣದ ಒಂದೇ ಮೂಲೆಯಲ್ಲಿ. ಅಲ್ಲೇ ಶರ್ಟ್ ಬಿಚ್ಚಿದೆ. "ಸ್ವಲ್ಪ ಬೆಳಕಿಗೆ ಬನ್ನಿ ಸರ್." ಬಂದೆ. "ಆ ಕಡೆ ತಿರುಗಿ ಸರ್." ತಿರುಗಿದೆ. ಆ ಕಡೆ ಐದು ಜನ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕೊನೆಗೆ, "ಕ್ಲಿಯರ್ ಇಲ್ಲ ಸರ್, ಹಳೇ ಅಲರ್ಜಿ ಥರ ಕಾಣ್ಸತ್ತೆ" ಎಂದು ಫೋನಿಟ್ಟ. ಈಗ ಅವರಲ್ಲೊಬ್ಬಳು ದಿನಾ ಕೇಳುತ್ತಾಳೆ: "ಸಾವ್ಕಾರ್ರೇ, ಇವತ್ತು ಫೋನ್ ಬರ್ಲಿಲ್ವಾ?"

ಮೆಣಸಿನ ಖಾರ ಅದರಲ್ಲಿರುವ ಪೈಪರಿನ್ ಎಂಬ ಅಂಶದ್ದು. ಹಬೆಯಲ್ಲಿ ಎಣ್ಣೆ ಇಳಿಸುವಾಗ ಅದು ಹಬೆಯ ಜೊತೆ ಏಳುವುದಿಲ್ಲ, ಕಾಳಿನಲ್ಲೇ ಉಳಿಯುತ್ತದೆ. ಎಣ್ಣೆಗೆ ಬರುವುದು ಕ್ಯಾರಿಯೋಫಿಲೀನ್, ಪೈನೀನ್, ಲಿಮೊನೀನ್‌ಗಳ ಘಮ. ನಿಮ್ಮದೇ ಚೀಟಿಯಲ್ಲಿದೆ, ಬಿಡುವಾದಾಗ ಓದಿ. ಗಾಳಿ ಬೆಳಕು ತಾಗಿ ಕೆಟ್ಟ ಪೈನೀನ್, ಲಿಮೊನೀನ್ ಚರ್ಮ ಕೆರಳಿಸುತ್ತವೆಂದೇ ಇಂಥ ಎಣ್ಣೆಯನ್ನು ಕಂದು ಗಾಜಿನಲ್ಲಿ ತುಂಬುವುದು. ನನಗೆ ಬಂದದ್ದು ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಬಾಟಲಿ. ತಯಾರಿಕೆಯ ದಿನಾಂಕದ ಮೇಲೆ ಇನ್ನೊಂದು ಸ್ಟಿಕ್ಕರ್. ಉಗುರಲ್ಲಿ ಕೆರೆದು ಕೆಳಗಿನದನ್ನೂ ಓದಿದ್ದೇನೆ, ಫೋಟೊ ಲಗತ್ತಿಸಿದೆ.

ಹೋದ ತಿಂಗಳು ಹಣ ವಾಪಸ್ ಕೇಳಿದ್ದೆ, ಈಗ ಅದೂ ಬೇಡ. 15 ದಿನದಲ್ಲಿ ಲಿಖಿತ ಕ್ಷಮೆ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹೋಗುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ, ಮಳೆಗಾಲದಲ್ಲಿ ನನಗೆ ಬಿಡುವೂ ಇರುತ್ತದೆ. ಐದೂ ಹೆಂಗಸರು ಸಾಕ್ಷಿ ಹೇಳಲು ತಯಾರು. ನಿಮ್ಮ ಹುಡುಗನನ್ನು ಮರೆಯದೆ ಕಳಿಸಿ. ಈ ಸಲ ಅವನು ಬೆಳಕಿಗೆ ಬರಲಿ.

ಇತಿ,
ಸೋಮವಾರಪೇಟೆ ತಾಲ್ಲೂಕಿನ ಮೆಣಸು ಬೆಳೆಗಾರ