ಮಹಿಳಾ ಅಧ್ಯಯನ ಯಾರಿಗೆ?

ಮಾನ್ಯ ಸಂಪಾದಕರೇ,

ಮಹಿಳಾ ಮತ್ತು ಲಿಂಗತ್ವ ಅಧ್ಯಯನದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಒಂದು ಮಾತ್ರೆಯ ಕಥೆ ಹೇಳಬೇಕೆನಿಸುತ್ತದೆ. ನಿದ್ರೆಗಾಗಿ ಕೊಡುವ ಜೋಲ್ಪಿಡೆಮ್ ಔಷಧವು ಹೆಣ್ಣಿನ ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ, ಬೆಳಿಗ್ಗೆ ವಾಹನ ಚಲಾಯಿಸುವಾಗಲೂ ಮಂಪರು ಉಳಿಯಬಹುದೆಂದು ಮನಗಂಡು ಅಮೆರಿಕದ ಔಷಧ ನಿಯಂತ್ರಕರು ಮಹಿಳೆಯರಿಗೆ ಅದರ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿದ್ದು 2013ರಲ್ಲಿ. ಅಷ್ಟರಲ್ಲಿ ಅಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿ ಎರಡು ದಶಕ ಕಳೆದಿತ್ತು. ‘ಮನುಷ್ಯ’ ಎಂದಾಗ ಯಾರ ದೇಹವನ್ನು ಅಳತೆಗೋಲಾಗಿ ಹಿಡಿಯಲಾಗಿದೆ ಎಂದು ಪಟ್ಟುಹಿಡಿದು ಕೇಳುವುದನ್ನು ಕಲಿಸುವ ಜ್ಞಾನಶಾಖೆಯೇ ಮಹಿಳಾ ಅಧ್ಯಯನ. ಮನೆಯೊಳಗಿನ ಅಡುಗೆ, ಆರೈಕೆಯ ದುಡಿಮೆ ಜಿಡಿಪಿ ಲೆಕ್ಕಕ್ಕೆ ಬಾರದಿರುವುದನ್ನೂ ಅದು ಎತ್ತಿ ತೋರಿಸುತ್ತದೆ. ಹೆಣ್ಣುಮಕ್ಕಳಷ್ಟೇ ಓದುವ ವಿಷಯವೆಂಬ ಗ್ರಹಿಕೆ (ಕಲಿತವರಲ್ಲೂ ಇದೆ!) ಬದಿಗಿರಲಿ, ವೈದ್ಯಕೀಯ, ಅರ್ಥಶಾಸ್ತ್ರ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದನ್ನು ಒಂದು ಪತ್ರಿಕೆಯಾಗಿಯಾದರೂ ವಿಶ್ವವಿದ್ಯಾಲಯಗಳು ಬೋಧಿಸಬೇಕು.

– ಓರ್ವ ಓದುಗ