ವಾಕ್ಯ ಮುಗಿಸಿ ಮಾತಾಡು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಒಬ್ಬಳೇ ಮಾತಾಡಿಕೊಳ್ಳುವುದನ್ನು ಕೇಳಿ ರೂಮಿನವಳು ನಕ್ಕಳು, ಅಂದಿನಿಂದ ಬಾಯಿ ಬಿಗಿಹಿಡಿದಿದ್ದೇನೆ ಎಂದು ಬರೆದಿದ್ದೀಯ. ಬಿಡಬೇಡ ಕಣೇ. ಆದರೆ ನೀನು ಬರೆದದ್ದನ್ನು ನೋಡಿದರೆ ಅದು ಬರೀ ಗೊಣಗಾಟ ಅನ್ನಿಸುತ್ತದೆ. ಗೊಣಗಿದರೆ ತಲೆ ಹಗುರಾಗುವುದಿಲ್ಲ, ಯಾಕೆಂದರೆ ಅದರಲ್ಲಿ ಒಂದು ವಾಕ್ಯವೂ ಮುಗಿಯುವುದಿಲ್ಲ.

ಮನಸ್ಸಿನೊಳಗಿನ ಮಾತು ತುಂಡು ತುಂಡು. “ನಾಳೆ ಮೀಟಿಂಗು... ಅವರೇನಾದರೂ... ಬಾಡಿಗೆ ಬೇರೆ...” ಅಷ್ಟಕ್ಕೇ ನಿನಗೆ ಎಲ್ಲ ತಿಳಿದಂತಿರುತ್ತದೆ. ಹಾಗಾಗಿ ಯಾವುದೂ ತೀರದೆ ಗಾಣದೆತ್ತಿನಂತೆ ಸುತ್ತುತ್ತದೆ. ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ 1934ರಲ್ಲಿ ಬಂದ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದರು: ಒಳಮಾತು ಕರ್ತೃವನ್ನು ಬಿಟ್ಟುಬಿಡುತ್ತದೆ. ಚಿತ್ರ ಬಿಡಿಸುವ ಮಕ್ಕಳಿಗೆ ಬೇಕಾದ ಬಣ್ಣದ ಪೆನ್ಸಿಲ್ ಸಿಗದ ಹಾಗೆ ಮಾಡಿದಾಗ ಅವರು ತಮ್ಮಷ್ಟಕ್ಕೆ ಆಡಿಕೊಳ್ಳುವ ಮಾತು ಹೆಚ್ಚುಕಮ್ಮಿ ಇಮ್ಮಡಿಯಾಗಿದ್ದನ್ನೂ ವೈಗೋಟ್ಸ್ಕಿ ಕಂಡಿದ್ದರು. ಕೆಲಸ ತೊಡಕಾದಾಗ ಬಾಯಿ ತೆರೆಯುವುದು ಸಹಜ, ನಾಚಿಕೆ ಬೇಡ.

ಆದ್ದರಿಂದ ಯಾರು ಎಂಬುದರಿಂದ ಶುರುಮಾಡಿ ಕ್ರಿಯಾಪದದವರೆಗೆ ಹೋಗು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ; ಅದು ಬರುವ ತನಕ ನೀನು ಏನು ಹೇಳಹೊರಟೆ ಎಂದು ನಿನಗೂ ಖಾತ್ರಿಯಿಲ್ಲ. “ಅವರೇನಾದರೂ...” ಎಂದು ನಿಲ್ಲದೆ, “ಮ್ಯಾನೇಜರು ನಾಳೆ ಎಲ್ಲರ ಮುಂದೆ ನನ್ನ ರಿಪೋರ್ಟನ್ನು ತಳ್ಳಿಹಾಕುತ್ತಾರೆ ಎಂದು ನಾನು ಹೆದರಿದ್ದೇನೆ” ಎನ್ನು. ಆಗ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ರಿಪೋರ್ಟಿನ ಯಾವ ಭಾಗ ಸಡಿಲವಾಗಿದೆ?

ಹತ್ತು ನಿಮಿಷ ಸಾಕು, ಅಲಾರಂ ಇಟ್ಟುಕೋ. ಸಂಜೆ ಟೆರೇಸಿನ ಮೇಲೆ ನಡೆಯುತ್ತಾ ಮಾಡು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ನೋಡಿದವರು ಫೋನಿನಲ್ಲಿದ್ದಾಳೆ ಅಂದುಕೊಳ್ಳುತ್ತಾರೆ. ಪಿಸುಗುಟ್ಟಬೇಡ, ಗಂಟಲಿಗೆ ಆಯಾಸ, ವಾಕ್ಯವೂ ಅರ್ಧಕ್ಕೇ ಸಾಯುತ್ತದೆ. ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು ದನಿ ಇರಲಿ. ರೆಕಾರ್ಡ್ ಮಾಡಲೂ ಬೇಡ. ಮಾಡಿದರೆ ಕೇಳುವವರು ಮೆಚ್ಚುವ ಹಾಗೆ ಮಾತಾಡತೊಡಗುತ್ತೀಯ.

ಮೊದಲ ಎರಡು ನಿಮಿಷ ತಲೆಯಲ್ಲಿರುವುದನ್ನೆಲ್ಲ ಬೆರಳು ಮಡಚಿ ಎಣಿಸು, ಒಂದಕ್ಕೆ ಒಂದೇ ವಾಕ್ಯ. ಒಂದು ಕೈಯ ಬೆರಳು ಮುಗಿದರೆ ನಿಲ್ಲಿಸು. ಅದರಲ್ಲಿ ಒಂದನ್ನು ಮಾತ್ರ ಆರಿಸಿಕೋ, ಉಳಿದ ನಾಲ್ಕು ನಾಳೆಗಿರಲಿ. ಆರಿಸಿದ್ದರಲ್ಲಿ ಕಣ್ಣಿಂದ ಕಂಡದ್ದು, ಕಿವಿಯಿಂದ ಕೇಳಿದ್ದು ಇಷ್ಟನ್ನೇ ಮೊದಲು ಹೇಳು. “ಅವರಿಗೆ ನನ್ನ ಮೇಲೆ ಹಗೆ” ಎಂಬುದು ಕಂಡದ್ದಲ್ಲ. “ನಮಸ್ಕಾರ ಹೇಳಿದೆ, ಅವರು ತಲೆಯೆತ್ತಲಿಲ್ಲ” ಎಂಬುದು ಕಂಡದ್ದು. ಆಮೇಲೆ ಮನಸ್ಸಿಗೆ ಏನಾಗಿದೆ ಎಂದು ಹೆಸರಿಡು. “ಸ್ಟ್ರೆಸ್” ಎಂಬ ಪದ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಅದು ಭಯವೋ, ಸಿಟ್ಟೋ, ಅವಮಾನವೋ, ಹೊಟ್ಟೆಕಿಚ್ಚೋ, ಬರೀ ದಣಿವೋ? ದಣಿವಾದರೆ ಮಾತು ಬೇಡ, ಹೋಗಿ ಮಲಗು. ಕೊನೆಗೆ ಮುಂದಿನ ಒಂದು ಕೆಲಸವನ್ನು ದಿನ, ಗಂಟೆ ಸಹಿತ ಹೇಳು: “ಬುಧವಾರ ಹನ್ನೊಂದಕ್ಕೆ ಹೋಗಿ ಕೇಳುತ್ತೇನೆ.” ಅದನ್ನು ಮಾತ್ರ ಚೀಟಿಯಲ್ಲಿ ಬರೆದುಕೋ.

ಮನಸ್ಸು ತೀರಾ ಕಲಕಿದ್ದರೆ “ನಾನು” ಬಿಟ್ಟು ನಿನ್ನ ಹೆಸರು ಹಿಡಿದು ಕರೆದುಕೋ: “ಪುಟ್ಟಿ, ನೀನು ಯಾಕಿಷ್ಟು ಹೆದರಿದ್ದೀ?” ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ಹೀಗೆ ತಮ್ಮನ್ನೇ ಹೆಸರಿನಿಂದ ಕರೆದುಕೊಂಡು ಯೋಚಿಸಿದವರು ಆತಂಕವನ್ನು ಹೆಚ್ಚು ಚೆನ್ನಾಗಿ ನಿಭಾಯಿಸಿದರು. ನಮ್ಮ ದಾಸರು “ಮನವೇ” ಎಂದು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದ್ದೂ ಇದೇ ದಾರಿಯಲ್ಲಿ.

ಕೆಡುವುದು ಎಲ್ಲಿ ಗೊತ್ತೇ? ಅದೇ ವಾಕ್ಯ ಮೂರನೇ ಸಲ ಬಂತೆಂದರೆ ಕೊರಗು ಶುರುವಾಗಿದೆ ಎಂದರ್ಥ. ತಕ್ಷಣ ನಿಲ್ಲಿಸಿ ಪಾತ್ರೆ ತೊಳೆ, ಬಟ್ಟೆ ಮಡಚು, ಕೈಗೆ ಕೆಲಸ ಕೊಡು. “ನನಗೇ ಯಾಕೆ ಹೀಗೆ?” ಎಂಬ ಪ್ರಶ್ನೆ ಕೆಸರು, ಇಳಿದಷ್ಟೂ ಹೂಳುತ್ತದೆ, “ಈಗ ಏನು, ಯಾವಾಗ” ಎಂದು ತಿರುಗಿಸು. “ನಿನ್ನ ಕೈಲಿ ಏನೂ ಆಗಲ್ಲ” ಎಂದು ಬೈದುಕೊಂಡರೆ ಹೆಸರು ಹಿಡಿದು ಕರೆದೂ ಪ್ರಯೋಜನವಿಲ್ಲ. ತಂಗಿಗೆ ಹೇಳಲಾರದ ಮಾತನ್ನು ನಿನಗೂ ಹೇಳಬೇಡ. ಹಾಸಿಗೆಯಲ್ಲಿ ಮಲಗಿಕೊಂಡಂತೂ ಖಂಡಿತ ಬೇಡ, ಬರುವ ನಿದ್ದೆಯೂ ಹಾರಿಹೋಗುತ್ತದೆ.

ಬೀಗ, ಗ್ಯಾಸ್ ವಿಷಯದಲ್ಲಿ ದಾರಿಯಲ್ಲಿ ಅನುಮಾನ ಕಾಡುತ್ತದೆ ಎಂದಿದ್ದೀಯಲ್ಲ, ಅದಕ್ಕೆ ಒಂದೇ ಸಾಲು ಸಾಕು. ಬೆರಳು ತೋರಿಸಿ “ಗ್ಯಾಸ್ ಆಫ್ ಮಾಡಿದ್ದೇನೆ” ಎಂದು ಜೋರಾಗಿ ಹೇಳಿ ಹೊರಡು. ಜಪಾನಿನ ರೈಲು ಸಿಬ್ಬಂದಿ ಇದನ್ನೇ ಶಿಸ್ತಾಗಿ ಪಾಲಿಸುತ್ತಾರೆ. ನಮ್ಮ ರೈಲಿನ ಲೋಕೋ ಪೈಲಟ್ಟೂ ಸಹಾಯಕನೂ ಸಿಗ್ನಲ್ ಕಂಡಾಗ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ.

ಒಂದು ವಿಷಯವನ್ನು ಮಾತ್ರ ಸಲೀಸಾಗಿ ತೆಗೆದುಕೊಳ್ಳಬೇಡ. ಆಡುತ್ತಿರುವುದು ನಾನೇ ಎಂದು ತಿಳಿದಿರುವಷ್ಟು ಕಾಲ ಏನೂ ಚಿಂತೆಯಿಲ್ಲ. ಯಾರೂ ಇಲ್ಲದ ಕಡೆ ಬೇರೆಯವರ ದನಿ ಕೇಳಿಸಿದರೆ, ಅದು ನಿನಗೆ ಅಪ್ಪಣೆ ಮಾಡಿದರೆ, ಅಥವಾ ವಾರಗಟ್ಟಲೆ ನಿದ್ದೆ ಊಟ ಕೆಟ್ಟರೆ ವೈದ್ಯರನ್ನು ಕಾಣಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅದರ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೋ, ರೂಮಿನವಳಿಗೂ ಕೊಡು.

ಇಂತಿ,
ನಿನ್ನ ದೊಡ್ಡಮ್ಮ