ಮುಖಮಂಟಪಕ್ಕಿಂತ ಮೊದಲು ಪ್ಲಾಟ್‌ಫಾರ್ಮ್

ಸಂಪಾದಕರೇ,

ಶಿವಮೊಗ್ಗ ಟೌನ್, ಸಾಗರ ಜಂಬಗಾರು, ತಾಳಗುಪ್ಪ ನಿಲ್ದಾಣಗಳು ರೈಲು ನಿಲ್ದಾಣಗಳನ್ನು ನವೀಕರಿಸುವ ಅಮೃತ ಭಾರತ ಯೋಜನೆಗೆ ಸೇರಿರುವುದು ಸಂತೋಷ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ತಾಳಗುಪ್ಪ ಮುಟ್ಟಲು ಇನ್ನೂ ನಾಲ್ಕು ದಶಕ ಹಿಡಿಯಿತು. ಮೀಟರ್ ಗೇಜ್ (ಕಿರಿದಾದ ಹಳಿ) ಕಾಲದ ಕೊನೆಗೆ ಇಲ್ಲಿ ಹಳಿಯ ಮೇಲೆ ಸಾಗುವ ಬಸ್ಸಿನಂಥ ರೈಲು ಬಸ್ಸು ಓಡುತ್ತಿತ್ತು. 2011ರಲ್ಲಿ ಬ್ರಾಡ್‌ಗೇಜ್ (ಅಗಲ ಹಳಿ) ಆದ ಮೇಲೆ ಉದ್ದನೆಯ ರೈಲುಗಳು ಬಂದವು.

ತೊಂದರೆ ಇರುವುದು ಆ ಉದ್ದದಲ್ಲೇ. ಒಂದು ಬೋಗಿ 22ರಿಂದ 24 ಮೀಟರ್. ಹದಿನೆಂಟು ಬೋಗಿಯ ರೈಲಿಗೆ 400 ಮೀಟರಿಗೂ ಮಿಕ್ಕಿ ಪ್ಲಾಟ್‌ಫಾರ್ಮ್ ಬೇಕು. ಜನರಲ್ ಬೋಗಿಗಳಿರುವುದು ಸಾಮಾನ್ಯವಾಗಿ ಎರಡು ತುದಿಯಲ್ಲಿ, ಚಾವಣಿ ಹಾಕುವುದು ನಡುವೆ. ಆಷಾಢದ ಮಳೆಯಲ್ಲಿ ಚೀಲ, ಮಕ್ಕಳ ಸಮೇತ ನೆನೆಯುವವರು ಜನರಲ್ ಟಿಕೆಟ್‌ನವರೇ.

ಎತ್ತರದ್ದು ಇನ್ನೂ ಗಂಭೀರ. ಬೋಗಿಯ ನೆಲ ಹಳಿಯಿಂದ ಸುಮಾರು 1.3 ಮೀಟರ್ ಮೇಲಿರುತ್ತದೆ. ಪ್ಲಾಟ್‌ಫಾರ್ಮ್ 76ರಿಂದ 84 ಸೆಂ.ಮೀ. ಇದ್ದರೆ ಉಳಿದದ್ದು ಒಂದೆರಡು ಮೆಟ್ಟಿಲು. ಹಳಿಮಟ್ಟದಲ್ಲೇ ಇದ್ದರೆ ಕಬ್ಬಿಣದ ಕಂಬಿ ಹಿಡಿದು ನೇತಾಡಿಯೇ ಹತ್ತಬೇಕು. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಮೊಣಕಾಲು ನೋವಿನ ಅಜ್ಜಿಯರು ಅಷ್ಟರಲ್ಲಿ ಹತ್ತುವುದು ಹೇಗೆ? ಜಾರುವ ಅಪಾಯ ಮಳೆಗಾಲದಲ್ಲಂತೂ ಇಮ್ಮಡಿ. ಹಾಗಾಗಿ ಮುಖಮಂಟಪ, ದೀಪಾಲಂಕಾರಕ್ಕೆ ಮುನ್ನ ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಪ್ರತಿ ನಿಲ್ದಾಣದ ಪ್ಲಾಟ್‌ಫಾರ್ಮ್ ಎತ್ತರ, ಉದ್ದ ಅಳೆದು, ತಗ್ಗಿರುವುದನ್ನು ಎತ್ತರಿಸಬೇಕು. ಹೊಸ ಚಾವಣಿಯನ್ನು ತುದಿಯ ಬೋಗಿಗಳು ನಿಲ್ಲುವ ಜಾಗದಿಂದಲೇ ಶುರುಮಾಡಲಿ. ಮಲೆನಾಡಿನ ಮಳೆ ಗಾಳಿಯೊಂದಿಗೆ ಓರೆಯಾಗಿ ಬೀಳುವುದರಿಂದ ಪಕ್ಕದ ತಡೆಯೂ ಬೇಕು.

ಇನ್ನೊಂದು ಮಾತು. ಇದು ಒಂಟಿ ಹಳಿಯ ಮಾರ್ಗ. ಎದುರು ಬರುವ ರೈಲಿಗೆ ದಾರಿ ಬಿಡಲು ಲೂಪ್ ಲೈನ್ (ರೈಲು ಪಕ್ಕಕ್ಕೆ ಸರಿದು ನಿಲ್ಲುವ ಹಳಿ) ಇರುವ ನಿಲ್ದಾಣವೇ ಬೇಕು, ಅದಿಲ್ಲದ ಬರೀ ಹಾಲ್ಟ್ ಸಾಲದು. ಆದಾಯ ಕಡಿಮೆಯೆಂದು ಲೂಪ್ ಲೈನ್ ಕಿತ್ತರೆ ಒಂದು ರೈಲು ತಡವಾದಾಗ ಎದುರಿನದೂ ತಡವಾಗುತ್ತದೆ, ಬೆಳಗ್ಗೆ ಕಾಲೇಜು, ಕಚೇರಿ ಸಮಯಕ್ಕೊಂದು ಲೋಕಲ್ ಸೇರಿಸುವುದೂ ಕಷ್ಟ. ತಾಳಗುಪ್ಪದಲ್ಲಿ ಹಳಿಯೇ ಮುಗಿಯುವುದರಿಂದ ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ತಂದು ಇನ್ನೊಂದು ತುದಿಗೆ ಜೋಡಿಸಿ, ಬ್ರೇಕ್ ಪರೀಕ್ಷಿಸಿದ ಮೇಲೆಯೇ ರೈಲು ಮರಳಬೇಕು. ವೇಳಾಪಟ್ಟಿ ಮಾಡುವಾಗ ಈ ಸಮಯವನ್ನೂ, ಜೋಗದ ಬಸ್ಸುಗಳ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಮೈಸೂರು ವಿಭಾಗದ ಅಧಿಕಾರಿಗಳಲ್ಲಿ ವಿನಂತಿ.

– ರೈಲು ಪ್ರಯಾಣಿಕರು, ಆನಂದಪುರ, ಸಾಗರ ತಾಲ್ಲೂಕು